ಬೆನ್ನಿನ ನೀರು

ನನ್ನ ತಮ್ಮ ನಿಮಗೆಲ್ಲ ಗೊತ್ತಿರುವವನೇ, ಐದನೇ ತರಗತಿ. ಎರಡು ಸಲ ಕರೆದರೂ ತಿರುಗಿ ನೋಡಲ್ಲ, ಅವನಿಗೆ ಕೊಬ್ಬು ಅಂತ ಕೆಲವರು ಅಂದುಕೊಂಡಿದ್ದೀರಿ. ಅದು ಕೊಬ್ಬಲ್ಲ. ಅದನ್ನು ಹೇಳಬೇಕೆಂದೇ ಈ ಸಲ ಗೋಡೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ಹೋದ ವರ್ಷ ಯುಗಾದಿ ಕಳೆದು ಒಂದು ವಾರಕ್ಕೆ ಅವನಿಗೆ ಜ್ವರ ಬಂತು. ಜೊತೆಗೆ ತಲೆನೋವು, ವಾಂತಿ. ಬಾಗಿಲು ತೆಗೆದರೆ ಬೆಳಕು ಚುಚ್ಚುತ್ತೆ ಅಂತ ಕಿರುಚುತ್ತಿದ್ದ. ಅಜ್ಜಿ ದೃಷ್ಟಿ ತೆಗೆದರು. ಮಾರನೆಯ ದಿನ ಆರೋಗ್ಯ ಕೇಂದ್ರದ ಡಾಕ್ಟರು ಅವನ ತಲೆ ಹಿಡಿದು ಗಲ್ಲವನ್ನು ಎದೆಗೆ ತಾಗಿಸಲು ನೋಡಿದರು. ಕತ್ತು ಹಲಗೆಯ ಹಾಗಿತ್ತು, ಬಗ್ಗಲೇ ಇಲ್ಲ. "ಮೆದುಳಿನ ಪೊರೆಗೆ ಸೋಂಕು ಆಗಿರಬಹುದು, ತಡ ಮಾಡಬೇಡಿ" ಎಂದು ದೊಡ್ಡಾಸ್ಪತ್ರೆಗೆ ಕಳಿಸಿದರು.

ಅಲ್ಲಿ ಇಂಜೆಕ್ಷನ್ ಶುರು ಮಾಡಿ, ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಬೇಕು, ಸಹಿ ಹಾಕಿ ಅಂದರು. ಅಪ್ಪ ಪೆನ್ನು ಹಿಡಿದಿದ್ದರು. ನಾನೇ ನಡುವೆ ಬಾಯಿ ಹಾಕಿದೆ. "ಬೇಡ ಅಪ್ಪಾ, ಬೆನ್ನಿನ ನೀರು ತೆಗೆದ್ರೆ ಕಾಲು ಬಿದ್ದೋಗ್ತವಂತೆ." ಯಾರೋ ಬಸ್ಸಿನಲ್ಲಿ ಹೇಳಿದ್ದು ಕೇಳಿದ್ದೆ, ಅಷ್ಟೇ. ಅಪ್ಪ ಪೆನ್ನು ಕೆಳಗಿಟ್ಟರು. ಆ ರಾತ್ರಿ ಹಾಗೇ ಹೋಯಿತು.

ಬೆಳಿಗ್ಗೆ ಒಬ್ಬ ಲೇಡಿ ಡಾಕ್ಟರು ಚೀಟಿಯ ಹಿಂದೆ ಬೆನ್ನುಮೂಳೆಯ ಚಿತ್ರ ಬರೆದು ತೋರಿಸಿದರು. ಮೆದುಳಿಗೂ ಬೆನ್ನುಹುರಿಗೂ ಒಂದರ ಮೇಲೊಂದು ಮೂರು ಪೊರೆಗಳಿವೆ. ನಡುವಿನದರ ಹೆಸರು ಅರಕ್ನಾಯ್ಡ್. ಜೇಡರ ಬಲೆಯಂತಿರುವುದರಿಂದ ಗ್ರೀಕ್ ಭಾಷೆಯಲ್ಲಿ ಆ ಹೆಸರು. ಅದರ ಒಳಗಡೆ ನೀರು ಇರುತ್ತದೆ. ದೊಡ್ಡವರಲ್ಲಿ ಸುಮಾರು 150 ಮಿ.ಲೀ., ಆದರೆ ದಿನಕ್ಕೆ 500 ಮಿ.ಲೀ.ನಷ್ಟು ಹೊಸದಾಗಿ ಊರುತ್ತಲೇ ಇರುತ್ತದಂತೆ. ಸ್ವಲ್ಪ ತೆಗೆದರೆ ಬತ್ತುವುದಿಲ್ಲ. ಇನ್ನು ಕಾಲಿನ ವಿಚಾರ. ಬೆನ್ನುಹುರಿ ಮೂಳೆಯ ಕೊನೆಯವರೆಗೂ ಇರುವುದಿಲ್ಲ, ಸೊಂಟದ ಮೇಲ್ಗಡೆಯೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಬರೀ ನರಗಳು, ಕುದುರೆ ಬಾಲದ ಹಾಗೆ ನೀರಿನಲ್ಲಿ ಇಳಿಬಿದ್ದಿರುತ್ತವೆ. ಸೂಜಿ ಹಾಕುವುದು ಆ ಜಾಗಕ್ಕೆ. "ಕ್ಷಯದ ರೋಗಾಣುವೋ ಬೇರೆಯದೋ ಅಂತ ನೀರು ನೋಡದೆ ಹೇಗಮ್ಮ ಹೇಳೋದು? ಔಷಧಿ ಬೇರೆ ಬೇರೆ" ಅಂದರು. (ಜರ್ಮನಿಯ ಕ್ವಿಂಕೆ ಎಂಬ ವೈದ್ಯರು 1891ರಲ್ಲೇ ಈ ವಿಧಾನ ತಿಳಿಸಿದ್ದರೆಂದು ಆಮೇಲೆ ವಿಜ್ಞಾನದ ಮೇಷ್ಟ್ರು ಹೇಳಿದರು.)

ಅಪ್ಪ ಸಹಿ ಹಾಕಿದರು. ತಮ್ಮನನ್ನು ಚಳಿಗೆ ಮುದುರಿಕೊಂಡಂತೆ ಮಲಗಿಸಿ, ನೀರನ್ನು ಹನಿಹನಿಯಾಗಿ ಪುಟ್ಟ ಬಾಟಲಿಗೆ ಹಿಡಿದರು. ಬಾವಿ ನೀರಿನ ಹಾಗೆ ತಿಳಿಯಾಗಿರಬೇಕಿತ್ತು. ನಾನು ನೋಡಿದಾಗ ಅಕ್ಕಿ ತೊಳೆದ ನೀರಿನಂತಿತ್ತು. ಕ್ಷಯ ಅಲ್ಲವೆಂದು ಗೊತ್ತಾಯಿತು. 14 ದಿನ ಇಂಜೆಕ್ಷನ್ ಕೊಟ್ಟರು. ಆರನೇ ದಿನ ಅವನು ಯಾರನ್ನೂ ಹಿಡಿದುಕೊಳ್ಳದೆ ಬಚ್ಚಲಿಗೆ ನಡೆದು ಹೋದ. ನಾನು ಅವನ ಕಾಲನ್ನೇ ನೋಡುತ್ತಿದ್ದೆ.

ಆದರೆ ಬಲಗಿವಿ ಕೇಳಿಸದಂತಾಯಿತು. ಪೊರೆಯ ಉರಿಯೂತ ಒಳಗಿವಿಗೂ ಹರಡಿದರೆ ಹಾಗಾಗುತ್ತದಂತೆ. ಆ ಒಂದು ರಾತ್ರಿ ತಡವಾದದ್ದಕ್ಕಾ ಅಂತ ಕೇಳಿದೆ. "ಹಾಗೆ ಹೇಳೋಕಾಗಲ್ಲ, ಬೇಗ ಬಂದವರಿಗೂ ಒಮ್ಮೊಮ್ಮೆ ಆಗುತ್ತೆ" ಅಂದರು ಆ ಡಾಕ್ಟರು. ಅಪ್ಪ ಈವರೆಗೆ ನನಗೆ ಒಂದು ಮಾತೂ ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತೆ.

ಅವನನ್ನು ಕರೆಯುವಾಗ ಎಡಗಡೆ ಬಂದು ಕರೆಯಿರಿ. ಕಬಡ್ಡಿಗೂ ಸೇರಿಸಿಕೊಳ್ಳಿ, ಕಾಲು ಗಟ್ಟಿಯಾಗಿವೆ.