ವಾಕೋಲಾದಿಂದ ಸಮುದ್ರ ಸೇತುವೆಯವರೆಗೆ

ಸಾಂತಾಕ್ರೂಜ್ ಎಂಬ ಹೆಸರನ್ನು ನಾನು ಬೆಳಗಾವಿ ಜಿಲ್ಲೆಯ ನಮ್ಮ ಊರಿನಲ್ಲಿದ್ದಾಗಲೇ ಕೇಳಿದ್ದೆ. ಹವೆಯ ವರದಿಯಲ್ಲಿ ಮುಂಬಯಿಯ ಮಳೆಯನ್ನು ಕೊಲಾಬಾದಲ್ಲಿ ಇಷ್ಟು, ಸಾಂತಾಕ್ರೂಜಿನಲ್ಲಿ ಇಷ್ಟು ಎಂದು ಹೇಳುವುದು ವಾಡಿಕೆಯಷ್ಟೆ. 2005ರ ಜುಲೈ 26ರಂದು ಒಂದೇ ದಿನದಲ್ಲಿ 944 ಮಿಲಿಮೀಟರು ಮಳೆಯನ್ನು ಅಳೆದದ್ದು ಇಲ್ಲಿಯ ವೇಧಶಾಲೆಯೇ. ಮುಂದೆ ನಾನು ಬಿ.ಎ. ಮುಗಿಸಿ, ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ಅದೇ ಸಾಂತಾಕ್ರೂಜಿನ ವಾಕೋಲಾದಲ್ಲಿ ಎರಡು ಕೋಣೆಯ ಸಂಸಾರ ಹೂಡಿದೆ. ಆದರೆ ಹತ್ತು ವರ್ಷ ಕಳೆದರೂ ನಾನು ಬಲ್ಲ ಸಾಂತಾಕ್ರೂಜ್ ಮನೆಯಿಂದ ಸ್ಟೇಷನ್ನಿನವರೆಗೆ ಎಳೆದ ಒಂದು ಗೀಟು ಮಾತ್ರ.

ಆ ಗೀಟಿನ ತುದಿಯಲ್ಲಿಯೇ ಒಂದು ದಿನ ನನಗೆ ಬುದ್ಧಿ ಬಂತು. 2023ರ ಬೇಸಿಗೆ. ಹೆಂಡತಿ, ಆರು ವರ್ಷದ ಮಗಳೊಡನೆ ಎಲ್ಲಿಗೋ ಹೊರಟಿದ್ದೆವು. ಲೋಕಲ್ ಬರುವ ಸದ್ದು ಕೇಳಿ ಸೇತುವೆಯ ಮೆಟ್ಟಿಲುಗಳನ್ನು ಓಡಿ ಹತ್ತಿದೆ. ಗಾಡಿ ಹೋಯಿತು, ನಾನು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತೆ. ಮಗಳು ನನ್ನ ಮುಖವನ್ನು ನೋಡುತ್ತಿದ್ದ ಬಗೆ ಈಗಲೂ ಕಣ್ಣ ಮುಂದಿದೆ. ನಮ್ಮ ತಂದೆಯವರು ಐವತ್ತೆರಡನೆಯ ವಯಸ್ಸಿನಲ್ಲಿ ಹೃದಯದ ಬೇನೆಯಿಂದ ತೀರಿಕೊಂಡವರು. ನನಗೆ ಆಗ ಮೂವತ್ತೈದು. ಲೆಕ್ಕ ಬರೆಯುವುದೇ ನನ್ನ ಕಸಬು. ಈ ಲೆಕ್ಕವನ್ನು ಮಾಡಲು ಕಾಗದ ಬೇಕಾಗಲಿಲ್ಲ.

ಅಂದು ರಾತ್ರಿಯೇ ಮ್ಯಾರಥಾನ್ ಓಡುವೆನೆಂದು ಸಾರಿದೆ. ಹೆಂಡತಿ ನಕ್ಕಳು. "ಒಂದ್ ಲೋಕಲ್ ಹಿಡೀಲಿಕ್ಕೆ ಆಗಲಿಲ್ಲ, ಮ್ಯಾರಥಾನ್ ಓಡ್ತೀರೇನ್ರೀ? ಮೊದಲ ಆ ಮೆಟ್ಟಲಾ ಹತ್ತಿ ತೋರಸ್ರಿ."

ನಮ್ಮ ನಗರದ ಮ್ಯಾರಥಾನ್ 2004ರಲ್ಲಿ ಆರಂಭವಾದದ್ದು. ಜನವರಿಯ ಮೂರನೆಯ ಭಾನುವಾರ ಅದರ ದಿನ. ಪೂರ್ಣ ಓಟ 42.195 ಕಿಲೋಮೀಟರು. ಈ ವಿಚಿತ್ರ ಅಳತೆ ಎಲ್ಲಿಂದ ಬಂತೆಂದರೆ, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದವರೆಗೆ ಅಷ್ಟು ದೂರವಾಯಿತು. 1921ರಲ್ಲಿ ಅದನ್ನೇ ಎಲ್ಲರಿಗೂ ನಿಯಮ ಮಾಡಿದರು. ನಡುವೆ, 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ದಾರಿ ಇನ್ನೂ ಉದ್ದವಾಗಿ 42.75 ಕಿಲೋಮೀಟರು ಇತ್ತು. ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ ಹತ್ತೊಂಬತ್ತನೆಯವರಾಗಿ ಬಂದವರು ನಮ್ಮ ಬೆಳಗಾವಿಯ ಕಡೆಯ ಫಡೆಪ್ಪ ದರೆಪ್ಪ ಚೌಗುಲೆಯವರು. ಇದನ್ನು ಓದಿದ ಮೇಲೆ ಕೇಳಬೇಕೆ? ಊರಿನ ಹೆಸರಿಗೆ ಕುಂದು ಬರಬಾರದೆಂದು ಪೂರ್ಣ ಓಟಕ್ಕೇ ಮನಸ್ಸು ಮಾಡಿದೆ. ಚೌಗುಲೆಯವರ ಊರಿನ ಕಡೆಯವನಾದ ಮಾತ್ರಕ್ಕೆ ಅವರ ಕಾಲುಗಳು ನನಗೆ ಬಂದಿಲ್ಲವೆಂಬುದು ಹೊಳೆಯಲಿಲ್ಲ.

ಹೊಳೆಯಿಸಿದ್ದು ನನ್ನ ಮೊಳಕಾಲಿನ ಕೆಳಗಿನ ಎಲುಬು. ಮೂರನೆಯ ವಾರದಲ್ಲಿಯೇ ಹಳೆಯ ಕ್ಯಾನ್ವಾಸ್ ಬೂಟಿನಲ್ಲಿ ಒಂದೇ ಉಸಿರಿಗೆ ಆರು ಕಿಲೋಮೀಟರು ಓಡಿ, ಹದಿನೈದು ದಿನ ಕುಂಟಿದೆ. ವೈದ್ಯರು ಹೃದಯವನ್ನು, ರಕ್ತದೊತ್ತಡವನ್ನು, ಸಕ್ಕರೆಯನ್ನು ಪರೀಕ್ಷಿಸಿ, "ಓಡಲು ಅಡ್ಡಿಯಿಲ್ಲ; ಆದರೆ ನೀವು ಓಟ ಕಲಿಯುವ ಮೊದಲು ನಡೆಯಲು ಕಲಿಯಿರಿ" ಎಂದರು. ಆರಂಭಿಸುವವರು ಈ ಪರೀಕ್ಷೆಯನ್ನು ಕುಂಟಿದ ಮೇಲಲ್ಲ, ಮೊದಲೇ ಮಾಡಿಸಿಕೊಳ್ಳುವುದು ಲೇಸು.

ಆಗ ಕುಳಿತು ಸರಿಯಾಗಿ ಆರಿಸಿದೆ. ಓಟದ ಹೆಸರು ದೊಡ್ಡದೋ ಚಿಕ್ಕದೋ ಎಂದು ಕೇಳಬಾರದು. ದೂರವೆಷ್ಟು, ತಿಂಗಳು ಯಾವುದು, ಹಿಂದಿನ ರಾತ್ರಿ ಎಲ್ಲಿ ಮಲಗುವುದು ಎಂದು ಕೇಳಬೇಕು. ಬೆಂಗಳೂರಿನಲ್ಲಿ 2008ರಿಂದ ಹತ್ತು ಕಿಲೋಮೀಟರಿನ ಓಟವೊಂದು ನಡೆಯುತ್ತದೆ. ಅಲ್ಲಿ ನಮ್ಮ ಬೆವರಿನ ಕಾಟವಿಲ್ಲ. ಆದರೆ ಅಲ್ಲಿರುವುದು ನನ್ನ ಭಾವಮೈದುನನ ಮನೆ. ಹಿಂದಿನ ರಾತ್ರಿ ಹೋಳಿಗೆ ಬಡಿಸದೆ ಬಿಡುವವರಲ್ಲ. ಮುಂಬಯಿಯ ಜನವರಿಯಾದರೋ ಇಲ್ಲಿಯ ತಂಪು ಕಾಲ. ಮೇಲಾಗಿ ನಮ್ಮ ಹಾಸಿಗೆಯಲ್ಲಿಯೇ ಮಲಗಿ ಏಳಬಹುದು. ಹೀಗಾಗಿ 2024ಕ್ಕೆ ಮುಂಬಯಿಯ ಹತ್ತು ಕಿಲೋಮೀಟರು, ಅದು ಸುಖವಾಗಿ ಮುಗಿದರೆ 2025ಕ್ಕೆ ಅರ್ಧ ಮ್ಯಾರಥಾನ್ ಎಂದು ನಿಶ್ಚಯಿಸಿದೆ.

ಅಭ್ಯಾಸದ ಕ್ರಮ ಸರಳವಾದುದು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಅರ್ಧ ಗಂಟೆ. ವಾರದಲ್ಲಿ ಮೂರು ದಿನ ಸಣ್ಣ ಓಟ, ಭಾನುವಾರ ದೀರ್ಘ ಓಟ, ಉಳಿದ ದಿನ ವಿಶ್ರಾಂತಿ. ಒಂದು ವಾರಕ್ಕಿಂತ ಮುಂದಿನ ವಾರ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಏರಿಸಬಾರದು. ನಾಲ್ಕನೆಯ ವಾರ ಇಳಿಸಬೇಕು. ಓಡುತ್ತ ಪಕ್ಕದವನೊಡನೆ ಮಾತನಾಡಲು ಆಗದಿದ್ದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ಬೂಟು ಬೆರಳಿನ ಮುಂದೆ ಸ್ವಲ್ಪ ಜಾಗವಿರುವಂಥದು ಬೇಕು. ನನ್ನ ತುಟ್ಟಿಭತ್ಯೆಯ ಬಾಕಿಯೆಲ್ಲ ಅದಕ್ಕೇ ಹೋಯಿತು. ನೀರನ್ನು ಬಾಯಾರಿಕೆ ನೋಡಿ ಕುಡಿಯಬೇಕು. ಬರಿಯ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಉಪ್ಪಿನಂಶ ಇಳಿದು ಅಪಾಯವಾಗುತ್ತದೆ.

ಆದರೆ ಕ್ರಮಕ್ಕಿಂತ ಹೆಚ್ಚಾಗಿ ನಾನು ಹೇಳಬೇಕೆಂದಿರುವುದು ದಾರಿಯನ್ನು. ಬೆಳಗಿನ ಐದಕ್ಕೆ ವಾಕೋಲಾ ಬೇರೆಯೇ ಊರು. ಹಾಲಿನ ಟ್ರೇಗಳ ಸದ್ದು. ಸ್ಟೇಷನ್ನಿನ ಮುಂದೆ ನೆಲದ ಮೇಲೆ ಕುಳಿತು ವೃತ್ತಪತ್ರಿಕೆಗಳನ್ನು ಮಡಿಸುವ ಹುಡುಗರು. ಪೇಜಾವರ ಮಠದ ಕಡೆಗೆ ಹೂವಿನ ಬುಟ್ಟಿಯೊಡನೆ ನಡೆಯುವ ಹಿರಿಯರು. ಬಿಲ್ಲವ ಭವನದ ಮುಂದೆ ಮದುವೆಯ ಊಟಕ್ಕಲ್ಲದೆ ನಾನು ಎಂದೂ ನಿಂತವನಲ್ಲ. ಈಗ ಅದು ನನ್ನ ಒಂದು ಮೈಲಿಗಲ್ಲು. ಒಂದು ದಿನ ಕಲಿನಾದ ವಿಶ್ವವಿದ್ಯಾಲಯದ ಮಗ್ಗುಲ ರಸ್ತೆ, ಇನ್ನೊಂದು ದಿನ ಹಳಿ ದಾಟಿ ಜುಹೂ ಕಡಲತೀರ. ಇಳಿತದ ವೇಳೆ ನೀರಂಚಿನ ಮರಳು ಗಟ್ಟಿಯಾಗಿರುತ್ತದೆ. ಒಣ ಮರಳು ಕಾಲನ್ನು ನುಂಗುತ್ತದೆ. ತೀರದ ಇಳಿಜಾರಿನಲ್ಲಿ ಬಹಳ ದೂರ ಓಡಿದರೆ ಹರಡು ನೋಯುವುದೂ ಉಂಟು. ಮಳೆಗಾಲದಲ್ಲಿ ಮಿಲನ್ ಸಬ್‌ವೇ ತುಂಬಿದರೆ ಓಟಕ್ಕೆ ರಜೆ. ಆ ದಿನ ನಮ್ಮ ಕಟ್ಟಡದ ಮೆಟ್ಟಿಲುಗಳೇ ಗತಿ. ಮಗಳು ಮೇಲೆ ನಿಂತು ಎಣಿಸುತ್ತಿದ್ದಳು.

ಮನೆಯವರ ಒಪ್ಪಿಗೆಯಿಲ್ಲದೆ ಯಾವ ಗೃಹಸ್ಥನೂ ಮ್ಯಾರಥಾನ್ ಓಡಲಾರ. ನಾನು ಐದಕ್ಕೆ ಎದ್ದರೆ ಡಬ್ಬಿ ಕಟ್ಟುವವರು ಯಾರು, ಮಗಳನ್ನು ಶಾಲೆಗೆ ಸಿದ್ಧಪಡಿಸುವವರು ಯಾರು? ಮೊದಲ ತಿಂಗಳು ಈ ಹೊರೆಯೆಲ್ಲ ಹೆಂಡತಿಯ ಮೇಲೆಯೇ ಬಿತ್ತು; ಜಗಳವೂ ಆಯಿತು. ಕೊನೆಗೆ ಒಪ್ಪಂದವಾಯಿತು: ರಾತ್ರಿಯ ಪಾತ್ರೆ ನನ್ನದು, ಭಾನುವಾರ ನಾನು ಬಂದ ಮೇಲೆ ಅವಳು ನಡೆಯಲು ಹೋಗುವುದು. ಈಗ ಅವಳು ನನಗಿಂತ ಚೆನ್ನಾಗಿ ಕಲಿನಾದ ಓಣಿಗಳನ್ನು ಬಲ್ಲಳು.

2024ರಲ್ಲಿ ಹತ್ತು ಕಿಲೋಮೀಟರು ಮುಗಿಯಿತು. 2025ರ ಜನವರಿ 19ರಂದು ಕತ್ತಲಿರುವಾಗಲೇ ಲೋಕಲ್ ಹಿಡಿದು, ಖಾರ್, ಬಾಂದ್ರಾ ದಾಟಿ ಮಾಹೀಮಿನಲ್ಲಿ ಇಳಿದೆ. ಅರ್ಧ ಮ್ಯಾರಥಾನ್ ಅಲ್ಲಿಂದ ಹೊರಡುತ್ತದೆ. ಬಾಂದ್ರಾ-ವರ್ಲಿ ಸಮುದ್ರ ಸೇತುವೆ 2009ರಲ್ಲಿ ತೆರೆದದ್ದು. ಐದೂವರೆ ಕಿಲೋಮೀಟರಿಗೆ ಮೇಲೆ ಉದ್ದ. ಅದರ ಮೇಲೆ ಪಾದಚಾರಿಗಳಿಗೆ ಪ್ರವೇಶವಿಲ್ಲ, ದ್ವಿಚಕ್ರಗಳಿಗೂ ಇಲ್ಲ. ಸ್ವಂತ ಕಾರಿಲ್ಲದ ನಾನು ಅದನ್ನು ದೂರದಿಂದ ನೋಡಿದ್ದೇ ಹೆಚ್ಚು. ಅಂದು ನನ್ನ ಎರಡು ಕಾಲುಗಳ ಮೇಲೆ ಅದನ್ನು ದಾಟಿದೆ. ಕೆಳಗೆ ಕಪ್ಪು ಕಡಲು, ಮುಂದೆ ವರ್ಲಿಯ ದೀಪಗಳು, ಸುತ್ತಲೂ ಮಾತಿಲ್ಲದ ಸಾವಿರಾರು ಹೆಜ್ಜೆಗಳ ಸಪ್ಪಳ. ಈ ಊರು ನನ್ನದು ಎಂದು ನನಗೆ ಮೊದಲ ಬಾರಿ ಅನ್ನಿಸಿದ್ದು ಅಲ್ಲಿ.

ಪೆಡರ್ ರೋಡಿನ ಏರನ್ನು ಮಾತ್ರ ನಡೆದೇ ಹತ್ತಿದೆ, ಸುಳ್ಳೇಕೆ ಹೇಳಲಿ? ಮನೆಗೆ ಬಂದಾಗ ಮಗಳು, "ಅಪ್ಪಾ, ಎಷ್ಟನೇ ನಂಬರ್ ಬಂದಿ?" ಎಂದಳು. ಸಾವಿರಗಳ ಲೆಕ್ಕ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, "ಎಲ್ಲೂ ಕೂಡಲಿಲ್ಲಲ್ಲಾ?" ಎಂದು ಕೇಳಿದಳು. ಇಲ್ಲ, ಎಲ್ಲಿಯೂ ಕುಳಿತುಕೊಳ್ಳಲಿಲ್ಲ.

ಪೂರ್ಣ ಮ್ಯಾರಥಾನ್ ಇನ್ನೂ ಉಳಿದಿದೆ. ಅವಸರವಿಲ್ಲ, ಐವತ್ತೆರಡು ಇನ್ನೂ ದೂರವಿದೆ, ಅದನ್ನೂ ದಾಟಬೇಕೆಂದಿದ್ದೇನೆ. ಓದುಗ ಬಂಧುಗಳಲ್ಲಿ ಯಾರಿಗಾದರೂ ಮನಸ್ಸಿದ್ದರೆ, ದೊಡ್ಡ ಓಟದ ಯೋಚನೆ ಈಗಲೇ ಬೇಡ. ನಾಳೆ ಬೆಳಿಗ್ಗೆ ನಿಮ್ಮ ನಿಮ್ಮ ಸ್ಟೇಷನ್ನಿನವರೆಗೆ ನಡೆದು, ಅಲ್ಲಿಂದ ಒಂದು ಓಣಿ ಮುಂದೆ ಹೋಗಿ ಬನ್ನಿ.