ಕಥೆಯ ನಡುವಿನ ಬಿಡುವು

ಇಂದಿನ ಮಕ್ಕಳಿಗೆ ಕಥೆಗಳ ಬರ ಬಂದಿದೆ ಎಂಬ ಮಾತನ್ನು ನಾನು ಒಪ್ಪಲಾರೆ. ಬರ ಬಂದಿರುವುದು ಕಥೆಗಲ್ಲ, ಕಥೆಯ ನಡುವಿನ ಬಿಡುವಿಗೆ.

1947ರಲ್ಲಿ ಮದ್ರಾಸಿನಲ್ಲಿ ಆರಂಭವಾಗಿ, ಬಳಿಕ ಕನ್ನಡಕ್ಕೂ ಬಂದ ‘ಚಂದಮಾಮ’ ನನ್ನ ಬಾಲ್ಯದ ಸಂಗಾತಿ. ಅದರಲ್ಲಿ ಬೇತಾಳನ ಪ್ರತಿಯೊಂದು ಕಥೆಯೂ ಪ್ರಶ್ನೆಯೊಂದರಲ್ಲಿ ಬಂದು ನಿಲ್ಲುತ್ತಿತ್ತು. ವಿಕ್ರಮನು ಉತ್ತರಿಸುವ ಮೊದಲೇ ನಾವು ಒಡಹುಟ್ಟಿದವರು ವಾದಕ್ಕಿಳಿಯುತ್ತಿದ್ದೆವು. ಕಾರ್ಕಳದಲ್ಲಿ ಜನಿಸಿದ ಅನಂತ ಪೈಯವರು ಸಂಪಾದಿಸಿದ ‘ಅಮರ ಚಿತ್ರಕಥೆ’ಯಲ್ಲಿ, ಒಂದು ಚೌಕದಲ್ಲಿ ಬಿಲ್ಲೆತ್ತಿದ ವೀರನು ಮುಂದಿನ ಚೌಕದಲ್ಲಿ ಗೆದ್ದಿರುತ್ತಿದ್ದನು, ನಡುವಿನ ಯುದ್ಧವನ್ನು ಓದುವ ಮಗುವೇ ಮನಸ್ಸಿನಲ್ಲಿ ನಡೆಸಬೇಕಿತ್ತು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ 1986ರಲ್ಲಿ ದೂರದರ್ಶನದಲ್ಲಿ ಬಂದಾಗ, ಒಂದು ಕಂತು ಮುಗಿದರೆ ಮುಂದಿನದಕ್ಕೆ ಕಾಯಬೇಕಿತ್ತು. ಕಾಯುವಾಗಲೆಲ್ಲ ಅದರದೇ ಮಾತು.

ಆದುದರಿಂದ ಕೆಡುಕು ಚಿತ್ರದಲ್ಲಿಲ್ಲ, ಪರದೆಯಲ್ಲಿಯೂ ಇಲ್ಲ. ಈಗಿನ ಮೊಬೈಲಿನಲ್ಲಿ ಒಂದು ಕಥೆ ಮುಗಿಯುವಷ್ಟರಲ್ಲಿ ಮತ್ತೊಂದು ತಾನಾಗಿಯೇ ಆರಂಭವಾಗುತ್ತದೆ. ‘ಆಮೇಲೆ?’ ಎಂದು ಕೇಳಲು ಮಗುವಿಗೆ ಸಮಯವೂ ಇಲ್ಲ, ಕೇಳಿದರೆ ಹೇಳುವವರೂ ಇಲ್ಲ.

ಜೀವನ್ ಬಿಮಾ ನಗರದಲ್ಲಿ ಅಜ್ಜಿಯ ಮಾತು ತಮಿಳೋ ಕೊಂಕಣಿಯೋ, ಶಾಲೆಯದು ಇಂಗ್ಲಿಷ್, ಬೀದಿಯದು ಕನ್ನಡ ಎಂಬಂತಹ ಮನೆಗಳು ಹಲವು. ಅಂತಹ ಒಂದು ಮನೆಯಲ್ಲಿ ಮೊಬೈಲ್ ನೋಡುತ್ತಿದ್ದ ಬಾಲಕನನ್ನು, “ಅದರಲ್ಲಿ ಏನಾಯಿತು, ಹೇಳು ಮಗು” ಎಂದೆ. “ನೀವೇ ನೋಡಿ, ಫಾದರ್” ಎಂದು ಮೊಬೈಲನ್ನೇ ನನ್ನತ್ತ ಚಾಚಿದನು. ಕಥೆ ಅವನ ಕೈಯಲ್ಲಿತ್ತು, ನಾಲಿಗೆಯ ಮೇಲಿರಲಿಲ್ಲ. ಪಕ್ಕದಲ್ಲೇ ಕುಳಿತಿದ್ದ ಅಜ್ಜಿ, “ನನ್ನ ಬಳಿ ಯಾರೂ ಕಥೆ ಕೇಳುವುದಿಲ್ಲ” ಎಂದರು. ಆ ಅಜ್ಜಿಯ ಕಥೆಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಮೊಮ್ಮಗನು ಕೇಳದಿದ್ದರೆ ಅವು ಆಕೆಯೊಂದಿಗೇ ಮುಗಿಯುತ್ತವೆ.

ಪ್ರಭು ಯೇಸು ಹೇಳಿದ ದುಂದುಗಾರ ಮಗನ ಸಾಮತಿಯನ್ನು ನೆನೆಯೋಣ. ಮುನಿದು ಹೊರಗೆ ನಿಂತ ಹಿರಿಯ ಮಗನು ಕೊನೆಗೆ ಒಳಗೆ ಬಂದನೇ? ಶುಭಸಂದೇಶದಲ್ಲಿ ಅದರ ಉತ್ತರವಿಲ್ಲ. ಉತ್ತರ ಕೇಳುಗನದು. ಒಳ್ಳೆಯ ಕಥೆ ಹೀಗೆ ನಮಗೊಂದು ಕೆಲಸವನ್ನು ಉಳಿಸಿಹೋಗುತ್ತದೆ.

ಹೆತ್ತವರೇ, ಮಕ್ಕಳಿಗೆ ಸಿನಿಮಾ ತೋರಿಸಬೇಡಿ ಎಂದು ನಾನು ಹೇಳುವುದಿಲ್ಲ. ಮುಚ್ಚುವ ಸ್ಥಿತಿಗೆ ಬಂದ ಕನ್ನಡ ಶಾಲೆಯ ಮಕ್ಕಳ ಕಥೆಯುಳ್ಳ, 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಚಿತ್ರವನ್ನು ಜೊತೆಗೆ ಕುಳಿತು ನೋಡಿ. ಮುಗಿದ ಮೇಲೆ ಪರದೆಯನ್ನು ಆರಿಸಿ, “ನೀನಾಗಿದ್ದರೆ ಏನು ಮಾಡುತ್ತಿದ್ದೆ?” ಎಂದು ಕೇಳಿ. ಉತ್ತರ ತಡವಾದರೆ ಅವಸರಪಡಿಸಬೇಡಿ. ಆ ಮೌನದಲ್ಲಿಯೇ ಮಗು ತನ್ನ ಕಥೆಯನ್ನು ಕಟ್ಟುತ್ತಿರುತ್ತದೆ.