ಗಂಟು ಬಿಚ್ಚಿದ ಮೇಲೆ

ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು ಜಗಲಿ ಹತ್ತುತ್ತೀರಿ. ಸಗಣಿ ಸಾರಿಸಿದ ನೆಲ ಅಂಗಾಲಿಗೆ ತಂಪು. ಉಮ್ಮಚಗಿಯಲ್ಲಿ ಬಸ್ಸಿಳಿದು ತೋಟದಂಚಿನ ದಾರಿಯಲ್ಲಿ ನಡೆದು ಬರುವಷ್ಟರಲ್ಲೇ ಮೇ ತಿಂಗಳ ಸೆಕೆಗೆ ಬೆನ್ನೆಲ್ಲ ಒದ್ದೆ. ಎಲ್ಲೋ ಹಲಸಿನ ಹಣ್ಣು ಬಿದ್ದು ಒಡೆದಿರಬೇಕು. ಗಾಳಿ ಬೀಸಿದಾಗೆಲ್ಲ ಅದರದೇ ವಾಸನೆ.

"ಕೂತ್ಕಳಿ ತಂಗೀ," ಎನ್ನುತ್ತಾ ಅಕ್ಕ ಒಳಗಿನಿಂದ ಬಟ್ಟೆಯ ಗಂಟೊಂದನ್ನು ದರದರ ಎಳೆದು ತರುತ್ತಾರೆ.

ನಿಮ್ಮ ಚೀಲದಲ್ಲಿ ಹತ್ತನೇ ನಂಬರಿನ ಜೋಡಿ ಕಡ್ಡಿ, ಗುಲಾಬಿ ಉಲ್ಲನ್ನಿನ ನಾಲ್ಕು ಉಂಡೆ. ಮುಂದೇನು ಹೆಣೆಯುವುದು ಎಂದು ತಿಂಗಳಿಂದ ಒದ್ದಾಡುತ್ತಿದ್ದೀರಿ. ಸ್ವೆಟರೋ, ಟೊಪ್ಪಿಯೋ, ಶಾಲೋ? ಫೋನಿನಲ್ಲಿ ಚಿತ್ರಗಳು ರಾಶಿ ಬಿದ್ದಿವೆ, ಕಡ್ಡಿಗೆ ಮಾತ್ರ ಒಂದು ಎಳೆಯೂ ಏರಿಲ್ಲ. ಅಕ್ಕನಿಗೂ ಇವತ್ತು ಅದೇ ಪೇಚು. ಆದರೆ ಅವರಿಗೆ ತಿಂಗಳುಗಟ್ಟಲೆ ಯೋಚಿಸುವ ಪುರುಸೊತ್ತಿಲ್ಲ. ಮೃಗಶಿರಾ ಮಳೆಗೆ ಇನ್ನು ಮೂರು ವಾರ. ಅದು ಹಿಡಿದರೆ ದಪ್ಪ ಬಟ್ಟೆ ಯಾವುದೂ ಒಣಗುವುದಿಲ್ಲ, ಮುಗ್ಗಲು ಹತ್ತುತ್ತದೆ. ಅಷ್ಟರೊಳಗೆ ಹೊಲಿದು, ಒಗೆದು, ಒಣಗಿಸಬಹುದಾದ ಕೌದಿ ಒಂದೇ ಒಂದು.

ಕೇಳುವವರು ಮೂವರು. ಹಳಿಯಾಳದ ಕಡೆ ಕೊಟ್ಟ ಮಗಳಿಗೆ ಈಗ ಏಳು ತಿಂಗಳು. ಮಗನ ಹೊಸ ಮನೆಗೊಂದು ದೊಡ್ಡದು ಬೇಕು. ಬೆಂಗಳೂರಿನವರು ಯಾರೋ ದುಡ್ಡು ಕೊಟ್ಟು ಕೊಳ್ಳುತ್ತಾರಂತೆ, ನೀಲಿ ಮತ್ತು ಬಿಳಿ ಮಾತ್ರ ಇರಲಿ ಎಂದು ಚಿತ್ರ ಕಳಿಸಿದ್ದಾರೆ.

"ಎರಡೇ ಬಣ್ಣದಾಗೆ ಕೌದಿ ಹ್ಯಾಂಗೆ ಆಗ್ತದೆ?" ಅಕ್ಕ ನಗುತ್ತಾರೆ. ಆದರೆ ದುಡ್ಡಿನ ಮಾತು ನಗುವಂಥದ್ದಲ್ಲ, ಅದು ಅವರಿಗೂ ಗೊತ್ತು.

ಗಂಟು ಬಿಚ್ಚುತ್ತದೆ. ಬಣ್ಣ ಹೋದ ಲುಂಗಿ, ಶಾಲೆಯ ನೀಲಿ ಲಂಗ, ಹಳದಿ ಪರಕಾರದ ತುಂಡು, ಅಡಿಕೆಯ ತೊಗರು ಹತ್ತಿ ಕಪ್ಪಾದ ಅಂಗಿ. ಎಷ್ಟು ಒಗೆದರೂ ತೊಗರು ಹೋಗುವುದಿಲ್ಲ. ಯಾರೋ ಕೊಟ್ಟ ಜಾರ್ಜೆಟ್ ಸೀರೆ ಹೊಸದರಂತೆ ಮಿರಮಿರ ಮಿಂಚುತ್ತಿದೆ. ನೀವು ಅದಕ್ಕೇ ಕೈ ಹಾಕುತ್ತೀರಿ. ಅಕ್ಕ ತಲೆಯಾಡಿಸುತ್ತಾರೆ: ಜಾರುತ್ತದೆ, ಬೆವರು ಹೀರುವುದಿಲ್ಲ. ಉಟ್ಟು ಉಟ್ಟು ಸವೆದ ಹತ್ತಿಯೇ ಆಗಬೇಕು, ಸೂಜಿಗೂ ಮೈಗೂ ಅದೇ ಹಿತ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಆಫ್ರಿಕಾ ಮೂಲದ ಸಿದ್ದಿ ಹೆಂಗಸರ ಈ ಕೌದಿ, ಅವರೇ ಕವಂದಿ ಎನ್ನುವುದು, 2011ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಆಫ್ರಿಕನ್ ಡಯಾಸ್ಪೊರಾ ಸಂಗ್ರಹಾಲಯದ ಗೋಡೆಯನ್ನೇರಿತ್ತು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದರ ಬಗ್ಗೆ ಬರೆದಿದ್ದಾರೆ. ಗೋಡೆಗೆ ತೂಗುಹಾಕಿದ ಕೌದಿಯನ್ನು ಹೊದೆಯುವವರು ಯಾರು ಎಂದು ಇಲ್ಲಿ ಕೂತವರಿಗೆ ಅನ್ನಿಸಿದರೆ ತಪ್ಪಿಲ್ಲ ಬಿಡಿ.

ಗಂಟಿನ ತಳದಿಂದ ಕೆಂಪು ಸೀರೆಯೊಂದು ಬರುತ್ತದೆ. ಅಕ್ಕನ ಅವ್ವನದು. ಅದೇ ಅಡಿ ಬಟ್ಟೆ. ಅತ್ತಿಗೆ ಅಡುಗೆಮನೆಯಿಂದ ಬಂದು ಒಂದು ತುದಿ ಹಿಡಿಯುತ್ತಾರೆ, ಅಕ್ಕ ಇನ್ನೊಂದು ತುದಿ ಹಿಡಿದು ಅಂಗಳದ ಬೆಳಕಿಗೆ ಒಡ್ಡುತ್ತಾರೆ. ಸೆರಗು ಗಟ್ಟಿ, ಒಳತುದಿಯೂ ಗಟ್ಟಿ. ನಡುವೆ ಮಾತ್ರ ಬಟ್ಟೆ ಜಾಲರಿಯಾಗಿದೆ. ಅದರಾಚೆಗಿನ ಅಡಿಕೆ ಮರಗಳೂ ಕಾಣುತ್ತವೆ. ಅಕ್ಕ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ. ಪರ್ ಎಂದು ಹರಿಯುತ್ತದೆ.

"ದೊಡ್ಡದು ಆಗೂದಿಲ್ಲ," ಎನ್ನುತ್ತಾರೆ ಅತ್ತಿಗೆ.

"ಇಲ್ಲ. ಸಣ್ಣದೇ ಸೈ."

ಅಷ್ಟೇ. ತೀರ್ಮಾನವಾಯಿತು. ಮಗನ ಮನೆ ದೀಪಾವಳಿಗೆ ಕಾಯಲಿ, ಬೆಂಗಳೂರಿನವರೂ ಕಾಯಲಿ. ಅವರಿಗೆ ಗಟ್ಟಿ ಸೀರೆ ಸಿಗಬೇಕು. ನಿಮಗೆ ತಿಂಗಳಿಡೀ ಬಗೆಹರಿಯದ್ದು ಇಲ್ಲಿ ಒಂದು ಸೀರೆಯ ತೂತಿನಲ್ಲಿ ಮುಗಿಯಿತು.

ಜಗಳ ಶುರುವಾಗುವುದು ಆಮೇಲೆ. ತೊಗರಿನ ಅಂಗಿಯನ್ನು ಅಕ್ಕ ಪಕ್ಕಕ್ಕೆ ತೆಗೆದಿಟ್ಟಿದ್ದಾರೆ. ಕೂಸಿನ ಕೌದಿಗೆ ಕಪ್ಪು ಯಾಕೆ ಎಂದು ಅತ್ತಿಗೆ. ಕೂಸಿನ ಅಜ್ಜನ ಅಂಗಿ ಅದು, ಕೊನೆಕೊಯ್ಲಿಗೆ ಹೋಗುವಾಗ ಹಾಕುತ್ತಿದ್ದದ್ದು, ಇರಲಿ ಎಂದು ಅಕ್ಕ. ಅತ್ತಿಗೆ ಹಳದಿ ತುಂಡನ್ನು ಅದರ ಪಕ್ಕಕ್ಕೆ ಸರಿಸುತ್ತಾರೆ. ಅಕ್ಕ ತೆಗೆಯುತ್ತಾರೆ. ಇವರು ಮತ್ತೆ ಸರಿಸುತ್ತಾರೆ. ಮೂರನೇ ಸಲ ಅದು ಅಲ್ಲೇ ಉಳಿಯುತ್ತದೆ.

"ನಾಕೂ ಮೂಲೆಗೆ ಫುಲಾ ಯಾವ್ದರದು?" ಅತ್ತಿಗೆ ಕೇಳುತ್ತಾರೆ. ಮಡಚಿ ಮಡಚಿ ಹೊಲಿಯುವ ಮೂಲೆಯ ತುಂಡುಗಳವು, ಹೂವು ಎಂದರ್ಥ. ಅವಿಲ್ಲದಿದ್ದರೆ ಕೌದಿ ಬರಿಮೈಯಲ್ಲಿ ನಿಂತ ಹಾಗೆ. ಅಕ್ಕ ಸುತ್ತ ನೋಡುತ್ತಾರೆ. ಕಣ್ಣು ನಿಮ್ಮ ಚೀಲದಿಂದ ಇಣುಕುತ್ತಿರುವ ಗುಲಾಬಿ ಉಂಡೆಯ ಮೇಲೆ ನಿಲ್ಲುತ್ತದೆ. ಮುಟ್ಟಿ ನೋಡಿ, "ಇದು ಬ್ಯಾಡ, ಚುಚ್ಚತದೆ," ಎಂದು ವಾಪಸು ತುರುಕಿ ಲಂಗದ ನೀಲಿಯನ್ನೇ ಎತ್ತಿಕೊಳ್ಳುತ್ತಾರೆ.

ಸೀರೆ ನೆಲದ ಮೇಲೆ ಹಾಸಿದೆ. ಹೊಲಿಗೆ ಹೊರಡುವುದು ಮೂಲೆಯಿಂದ. ಅಲ್ಲಿಂದ ಅಂಚು ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಯುತ್ತದೆ. ತುಂಡು ಇದ್ದಲ್ಲೂ ಇಲ್ಲದಲ್ಲೂ ಸೂಜಿ ಓಡಬೇಕು.

ಅಕ್ಕ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಸೂಜಿಯನ್ನು ಬೆಳಕಿಗೆ ಹಿಡಿಯುತ್ತಾರೆ. ಒಂದು ಸಲ, ಎರಡು ಸಲ. ಆಮೇಲೆ ಸುಮ್ಮನೆ ಎರಡನ್ನೂ ನಿಮ್ಮ ಕೈಗೆ ಕೊಡುತ್ತಾರೆ.

ನೀವು ಪೋಣಿಸಿ ಕೊಡುತ್ತೀರಿ. "ಇನ್ನೊಂದು," ಎಂದು ಅವರು ಎರಡನೇ ಸೂಜಿ ಚಾಚುತ್ತಾರೆ.